ಕೊಟ್ಟದ್ದರ ಫೋಟೋ ಸಾಕು, ಪಡೆದದ್ದರ ಫೋಟೋ ತೆಗೆಯೋಣ

ರಮಝಾನ್ ಬಂತೆಂದರೆ ಬಸವಕಲ್ಯಾಣದಲ್ಲಾಗಲಿ ಹುಮನಾಬಾದಿನಲ್ಲಾಗಲಿ ಒಂದು ದೃಶ್ಯ ಸಾಮಾನ್ಯವಾಗಿ ಬಿಟ್ಟಿದೆ. ಅಕ್ಕಿ, ಎಣ್ಣೆ, ಖರ್ಜೂರವಿರುವ ಒಂದು ಚೀಲ. ಅದನ್ನು ಹಿಡಿದ ಕೈಗಳು ಆರೋ ಏಳೋ. ಎಲ್ಲರ ದೃಷ್ಟಿಯೂ ಕ್ಯಾಮರಾದ ಕಡೆಗೆ. ಚೀಲ ಪಡೆಯಲು ಬಂದ ವಿಧವೆಯ ದೃಷ್ಟಿ ಮಾತ್ರ ನೆಲದ ಕಡೆಗೆ. ಮಗ್ರಿಬ್‌ನೊಳಗೆ ಆ ಚಿತ್ರ ಊರಿನ ವಾಟ್ಸ್‌ಆ್ಯಪ್ ಗುಂಪುಗಳನ್ನೆಲ್ಲ ಸುತ್ತಿ ಆಕೆಯ ಮಗನ ಸಹಪಾಠಿಗಳ ಮನೆಗೂ ತಲುಪಿರುತ್ತದೆ. ಅಕ್ಕಿ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಚಿತ್ರ ಮುಗಿಯುವುದಿಲ್ಲ.

ಇದನ್ನು ದಾನವೆನ್ನಬೇಕೇ, ಪ್ರಚಾರವೆನ್ನಬೇಕೇ? ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಂತೆ ಕೊಡುವವನನ್ನು ಪ್ರವಾದಿ ಮುಹಮ್ಮದ್(ಸ)ರು ಅಂತ್ಯದಿನದಲ್ಲಿ ಅಲ್ಲಾಹನ ನೆರಳು ಪಡೆಯುವವರ ಸಾಲಿನಲ್ಲಿ ಎಣಿಸಿದ್ದಾರೆ. 12ನೇ ಶತಮಾನದಲ್ಲಿ ಇದೇ ಕಲ್ಯಾಣದ ನೆಲದಲ್ಲಿ ಬಸವಣ್ಣನವರು ಬೋಧಿಸಿದ ದಾಸೋಹದ ತಿರುಳೂ ನೀಡುವವನ ಅಹಂಕಾರ ಅಳಿಯಬೇಕೆಂಬುದೇ ಆಗಿದೆ. ಕೊರೋನಾ ಲಾಕ್‌ಡೌನ್ ವೇಳೆ, 2020ರ ಏಪ್ರಿಲ್‌ನಲ್ಲಿ, ರಾಜಸ್ಥಾನದ ಮುಖ್ಯಮಂತ್ರಿಯಾಗಿದ್ದ ಅಶೋಕ್ ಗೆಹ್ಲೋಟ್ ಆಹಾರ ಹಂಚುವಾಗ ಫೋಟೋ ತೆಗೆಯುವುದನ್ನು ನಿಷೇಧಿಸಿದ್ದರು. ಒಂದು ಸರಕಾರಕ್ಕೆ ಹೊಳೆದದ್ದು ನಮ್ಮ ಸಮಿತಿಗಳಿಗೇಕೆ ಹೊಳೆಯುವುದಿಲ್ಲ?

‘ದಾನಿಗಳಿಗೆ ಲೆಕ್ಕ ಒಪ್ಪಿಸಬೇಡವೇ?’ ಎಂದು ಕೆಲವರು ಕೇಳುತ್ತಾರೆ. ಖಂಡಿತ ಒಪ್ಪಿಸಬೇಕು. ಅದಕ್ಕೆ ರಸೀದಿಯಿದೆ, ಹಂಚಿಕೆಯ ದಾಖಲೆ ಪುಸ್ತಕವಿದೆ, ಲೆಕ್ಕಪರಿಶೋಧನೆಯಿದೆ. ಬೇಕಿದ್ದರೆ ಚೀಲಗಳ ರಾಶಿಯ ಫೋಟೋ ತೆಗೆಯಲಿ. ಬಡವನ ಮುಖವನ್ನು ರಸೀದಿಯಾಗಿಸುವ ಹಕ್ಕು ಯಾರಿಗೂ ಇಲ್ಲ. ‘ಅನುಗ್ರಹವನ್ನು ಹೇಳಿಕೊಳ್ಳಬೇಕೆಂದು ಕುರ್‌ಆನೇ ಕಲಿಸಿದೆಯಲ್ಲ’ ಎಂಬ ವಾದವೂ ಇದೆ. ನಿಜ, ಅದ್ದುಹಾ ಅಧ್ಯಾಯದ ಕೊನೆಯಲ್ಲಿ ಆ ಆದೇಶವಿದೆ. ಆದರೆ ಅಲ್ಲಿ ಹೇಳಿಕೊಳ್ಳಬೇಕಾದದ್ದು ಪ್ರಭು ನಮಗೆ ಮಾಡಿದ ಅನುಗ್ರಹವನ್ನೇ ಹೊರತು ನಾವು ಇತರರಿಗೆ ಮಾಡಿದ ಉಪಕಾರವನ್ನಲ್ಲ.

ಹಾಗಾದರೆ ತಪ್ಪು ಕ್ಯಾಮರಾದ್ದೇ? ಅಲ್ಲ. ಬೀದರ್ ಸೀಮೆ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ ಆರನೆಯ ನಿಜಾಮರ ಆಸ್ಥಾನ ಛಾಯಾಚಿತ್ರಗ್ರಾಹಕರಾಗಿದ್ದ ರಾಜಾ ದೀನ್ ದಯಾಳ್ (1844-1905) ಅರಮನೆ, ದರ್ಬಾರು, ಬೇಟೆಗಳ ವೈಭವವನ್ನು ಸೆರೆಹಿಡಿದಿದ್ದರು. ಅಂದು ಕ್ಯಾಮರಾ ದೊರೆಗಳ ಸೊತ್ತಾಗಿತ್ತು. ಇಂದು ಅದು ಆಟೊ ಚಾಲಕನ ಜೇಬಿನಲ್ಲೂ ಇದೆ. ವಿಪರ್ಯಾಸವೆಂದರೆ, ನಾವಿನ್ನೂ ಅದನ್ನು ದರ್ಬಾರಿನ ರೀತಿಯಲ್ಲೇ ಬಳಸುತ್ತಿದ್ದೇವೆ. ಮದುವೆಯ ಆಡಂಬರ, ಹೊಸ ಕಾರು, ಉಮ್ರಾದಲ್ಲಿ ಕಅಬಾದ ಮುಂದೆ ಸೆಲ್ಫಿ! ಪಕ್ಕದ ಮನೆಯವರು ಇದನ್ನು ನೋಡಿ ತಮ್ಮಲ್ಲಿ ಇರುವುದನ್ನೂ ತುಚ್ಛವೆಂದುಕೊಳ್ಳುತ್ತಾರೆ. ನಮ್ಮ ಪ್ರದರ್ಶನವು ಇನ್ನೊಬ್ಬರ ಮನೆಯಲ್ಲಿ ಕೃತಘ್ನತೆಯ ಬೀಜ ಬಿತ್ತುತ್ತದೆ.

ಅದೇ ಮೊಬೈಲನ್ನು ತಿರುಗಿಸಿ ಹಿಡಿಯೋಣ. ದಿನಕ್ಕೆ ಒಂದೇ ಫೋಟೋ. ನಾವು ಕೊಟ್ಟದ್ದರದ್ದಲ್ಲ, ಪಡೆದದ್ದರದ್ದು. ನಸುಕಿನಲ್ಲಿ ತಾಯಿ ತಟ್ಟಿದ ಜೋಳದ ರೊಟ್ಟಿ. ಆಟೊ ನಗರದ ದುಡಿಮೆ ಮುಗಿಸಿ ಬಂದ ತಂದೆಯ ಗ್ರೀಸು ಮೆತ್ತಿದ ಚಪ್ಪಲಿ. ಎರಡು ದಿನಗಳ ಬಳಿಕ ನಳ್ಳಿಯಲ್ಲಿ ಬಂದ ನೀರು. 2017ರಲ್ಲಿ ಬೀದರ್-ಕಲಬುರಗಿ ಮಾರ್ಗ ಪೂರ್ಣಗೊಂಡ ಮೇಲೆ ಹುಮನಾಬಾದಿನಿಂದ ಕಲಬುರಗಿಗೆ ಓದಲು ಹೋಗುವ ಮಗಳ ರೈಲು ಟಿಕೆಟ್. ಇಶಾ ನಮಾಝಿನ ಬಳಿಕ ಮನೆಯವರು ಒಟ್ಟಿಗೆ ಕುಳಿತು ನೋಡಲಿ. ‘ಇದು ಯಾರ ಕೈಯಿಂದ ನಮಗೆ ಬಂತು?’ ಎಂದು ಮಕ್ಕಳನ್ನು ಕೇಳಲಿ. ಗುಂಪಿಗೆ ಕಳಿಸುವುದು ಬೇಡ. ಯಾರದಾದರೂ ಮುಖವಿದ್ದರೆ ಅವರ ಒಪ್ಪಿಗೆಯಿಲ್ಲದೆ ತೆಗೆಯುವುದೂ ಬೇಡ.

ಇದು ಕೇವಲ ಭಾವುಕತೆಯಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಇರ್ವೈನ್ ಕೇಂದ್ರದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ 41 ವಿದ್ಯಾರ್ಥಿಗಳು ಭಾಗವಹಿಸಿದ್ದರು. ಅವರಲ್ಲಿ ಕೆಲವರು ತಮ್ಮದೇ ನಗುಮುಖದ, ಕೆಲವರು ತಮಗೆ ಸಂತಸ ತರುವ ವಸ್ತುವಿನ, ಇನ್ನು ಕೆಲವರು ಬೇರೆಯವರನ್ನು ಸಂತೋಷಪಡಿಸುವ ವಸ್ತುವಿನ ಫೋಟೋವನ್ನು ಪ್ರತಿದಿನ ತೆಗೆದರು. ಕೆಲವೇ ವಾರಗಳಲ್ಲಿ ಮೂರೂ ಗುಂಪುಗಳವರ ಮನಸ್ಸು ಹಗುರಾದದ್ದು ಕಂಡುಬಂತು. ಅಧ್ಯಯನ ಸಣ್ಣದು, ನಿಜ. ಆದರೆ ಹುಡುಕಲು ಕಲಿತ ಕಣ್ಣಿಗೆ ಅನುಗ್ರಹ ಕಾಣುತ್ತದೆಂಬುದನ್ನು ತಿಳಿಯಲು ನಮಗೆ ಅಮೆರಿಕದ ಪುರಾವೆಯೇ ಬೇಕೆಂದಿಲ್ಲ.

ಒಂದು ಎಚ್ಚರಿಕೆ. ಕೃತಜ್ಞತೆಯೆಂದರೆ ಬಾಯಿ ಮುಚ್ಚಿಕೊಂಡಿರುವುದಲ್ಲ. ನೀರಿಗೆ ಅಲ್ಲಾಹನನ್ನು ಸ್ತುತಿಸುವವನು ನಳ್ಳಿ ಒಣಗಿದಾಗ ನಗರಸಭೆಯನ್ನು ಪ್ರಶ್ನಿಸಲೇಬೇಕು. ಒಡೆದ ಚರಂಡಿಯ ಫೋಟೋ ಕೃತಘ್ನತೆಯಲ್ಲ, ಅರ್ಜಿಗೆ ಲಗತ್ತಿಸಬೇಕಾದ ಸಾಕ್ಷಿ. 2013ರ ಆಹಾರ ಭದ್ರತಾ ಕಾಯ್ದೆಯಡಿ ಸಿಗುವ ಪಡಿತರ ಯಾವ ನಾಯಕನ ಭಿಕ್ಷೆಯೂ ಅಲ್ಲ, ಅದು ಹಕ್ಕು. ಚೀಲದ ಮೇಲಿನ ಭಾವಚಿತ್ರಕ್ಕೆ ಕೈಮುಗಿಯುವುದು ಶುಕ್ರ್ ಅಲ್ಲ, ದಾಸ್ಯ.

ಜನರಿಗೆ ಕೃತಜ್ಞನಾಗದವನು ಅಲ್ಲಾಹನಿಗೂ ಕೃತಜ್ಞನಲ್ಲವೆಂಬುದು ಪ್ರವಾದಿವರ್ಯ(ಸ)ರ ಬೋಧನೆ. ಆದ್ದರಿಂದ ಫೋಟೋ ತೆಗೆದರಷ್ಟೇ ಸಾಲದು. ಮರುದಿನ ಬೆಳಿಗ್ಗೆ ಬೀದಿ ಗುಡಿಸಲು ಬರುವ ಆ ತಾಯಿಗೆ ಎರಡು ಒಳ್ಳೆಯ ಮಾತು ಹೇಳಬೇಕು. ಈ ಸಲದ ರಮಝಾನ್‌ನಲ್ಲಿ ಚೀಲವನ್ನು ಕತ್ತಲಾದ ಮೇಲೆ ಮನೆಯ ಬಾಗಿಲಿಗೆ ತಲುಪಿಸಿ, ಸಲಾಮ್ ಹೇಳಿ ಹಿಂತಿರುಗಿ. ಮೊಬೈಲ್ ಜೇಬಿನಲ್ಲೇ ಇರಲಿ. ಆ ವಿಧವೆ ಅಂದು ತಲೆಯೆತ್ತಿ ಬಾಗಿಲು ಮುಚ್ಚಿಕೊಳ್ಳಲಿ.