ಋತುನಿವೃತ್ತಿಯ ಬಿಸಿ, ಮಹಾಮಾರಿಯ ಜ್ವರ



2020ರ ಕೋವಿಡ್ ಕಾಲದಲ್ಲಿ ಅಂಗಡಿಯ ಬಾಗಿಲಲ್ಲಿ ಹಣೆಗೆ ಹಿಡಿಯುತ್ತಿದ್ದ ಉಷ್ಣಮಾಪಕದೆದುರು, ಋತುನಿವೃತ್ತಿಯ ವಯಸ್ಸಿನ ನನ್ನಂಥ ಹೆಂಗಸರು ಒಮ್ಮಿಂದೊಮ್ಮೆಗೇ ಮುಖಕ್ಕೇರುವ ಬಿಸಿಗೂ ಕುತ್ತಿಗೆಯಲ್ಲಿಳಿಯುವ ಬೆವರಿಗೂ ಅಂಜಿ ನಿಂತ ಸಂಗತಿ ಹೆಚ್ಚು ಚರ್ಚೆಗೆ ಬರಲಿಲ್ಲ. ಈಸ್ಟ್ರೋಜೆನ್ ಇಳಿಮುಖವಾದಂತೆ ಮಿದುಳಿನ ತಾಪನಿಯಂತ್ರಣ ಕೇಂದ್ರವು ಅಲ್ಪ ವ್ಯತ್ಯಾಸಕ್ಕೂ ತಲ್ಲಣಿಸುವುದರಿಂದ ಉಂಟಾಗುವ ಈ ಬಿಸಿಯು ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಶಮನವಾಗುತ್ತದೆ. ಜ್ವರವಾದರೋ ಗಂಟೆಗಟ್ಟಲೆ ನಿಂತು, ಬಾಯಲ್ಲಿಟ್ಟ ಥರ್ಮಾಮೀಟರಿನಲ್ಲಿ 100.4 ಡಿಗ್ರಿ ಫ್ಯಾರನ್‌ಹೀಟನ್ನು ಮುಟ್ಟುತ್ತದೆ.

ಈಸ್ಟ್ರೋಜೆನ್ ಹಾರ್ಮೋನು ರೋಗನಿರೋಧಕ ಶಕ್ತಿಯ ಮೇಲೂ ಪ್ರಭಾವ ಬೀರುವುದು ದಿಟವಾದರೂ, ಆ ಶಕ್ತಿಯನ್ನು ಹೆಚ್ಚಿಸುವ ನೆಪದಿಂದ ಕೋವಿಡ್ ಕಾಲದಲ್ಲಿ ಮನೆಮನೆಯಲ್ಲೂ ಕುದಿದ ಕಷಾಯದ ವಿಷಯದಲ್ಲಿ ನನಗೆ ಅಸಮಾಧಾನವುಂಟು. ಮೆಣಸು, ಶುಂಠಿಗಳು ಹಿತಮಿತವಾಗಿದ್ದರೆ ಅಡ್ಡಿಯಿಲ್ಲ. ಆದರೆ ಜ್ಯೇಷ್ಠಮಧುವನ್ನು ದಿನಂಪ್ರತಿ ಅತಿಯಾಗಿ ಸೇವಿಸಿದರೆ ಶರೀರದಲ್ಲಿ ಉಪ್ಪಿನಂಶವುಳಿದು, ಪೊಟ್ಯಾಸಿಯಂ ಕುಗ್ಗಿ, ಈ ವಯಸ್ಸಿನಲ್ಲಿ ತಾನಾಗಿಯೇ ಏರತೊಡಗುವ ರಕ್ತದೊತ್ತಡವು ಮತ್ತಷ್ಟು ಏರಬಹುದು. ಲಸಿಕೆ, ಬೇಳೆಕಾಳಿನ ಊಟ, ಎಳೆಬಿಸಿಲಿನ ನಡಿಗೆ, ನಿದ್ರೆ, ಇವುಗಳ ಸ್ಥಾನವನ್ನು ಯಾವ ಕಷಾಯವೂ ತುಂಬಲಾರದು (ನಡುರಾತ್ರಿ ಬೆವರಿ ಎದ್ದು ಕುಳಿತವಳಿಗೆ ನಿದ್ರೆಯ ಉಪದೇಶ ಎಷ್ಟು ರುಚಿಸೀತೆಂಬುದನ್ನೂ ಬಲ್ಲೆ). ಇನ್ನು, ಮುಟ್ಟು ನಿಂತು ವರ್ಷ ಕಳೆದ ಬಳಿಕ ಮತ್ತೆ ರಕ್ತಸ್ರಾವ ಕಂಡರೆ, ಸೋಂಕಿನ ಭಯದಿಂದ ವೈದ್ಯರ ಭೇಟಿಯನ್ನು ಮುಂದೂಡಕೂಡದು.


ಓರ್ವ ಓದುಗಿ, ಮೈಸೂರು