ಹಿಮ್ಮಡಿ ನೋವಿಗೆ ಮಸಾಜ್ ಸರಿ, ಸ್ಟೂಲ್ ಎಲ್ಲಿ?

ನಮ್ಮ ಹಲಸೂರಿನಿಂದ ಇಂದಿರಾನಗರದ ಕಡೆಗೆ ಒಂದು ಸುತ್ತು ಹೋಗಿ ಬನ್ನಿ. ಸ್ಪಾ, ಫುಟ್ ರಿಫ್ಲೆಕ್ಸಾಲಜಿ, ಆಯುರ್ವೇದ ಮಸಾಜ್ ಅಂತ ಬೋರ್ಡಿನ ಮೇಲೆ ಬೋರ್ಡು. ಒಳಗೆ ಹೋಗಿ ‘ಹಿಮ್ಮಡಿ ನೋವು’ ಅಂದರೆ ಸಾಕು, ಹತ್ತು ಸಿಟ್ಟಿಂಗಿನ ಪ್ಯಾಕೇಜ್ ರೆಡಿ. ಮಸಾಜ್ ಮೇಲೆ ನನಗೇನೂ ಸಿಟ್ಟಿಲ್ಲ. ಸಿಟ್ಟಿರೋದು ಅದನ್ನು ಮಾರೋ ರೀತಿಯ ಮೇಲೆ. ಅದಕ್ಕಿಂತ ಹೆಚ್ಚಾಗಿ, ಅಂಥ ಬಿಲ್ಡಿಂಗುಗಳ ಬಾಗಿಲಲ್ಲೇ ದಿನವಿಡೀ ನಿಂತಿರೋ ಸೆಕ್ಯೂರಿಟಿಯವರ ಕಾಲು ನಮ್ಮ ಕಣ್ಣಿಗೇ ಬೀಳದಿರೋದರ ಮೇಲೆ.

ಮೊದಲು ಕಾಯಿಲೆ ಏನು ಅಂತ ನೋಡೋಣ. ಹಿಮ್ಮಡಿ ಮೂಳೆಯಿಂದ ಕಾಲ್ಬೆರಳುಗಳ ಬುಡದ ತನಕ ಅಂಗಾಲಿನಲ್ಲಿ ಒಂದು ಗಟ್ಟಿ ಪಟ್ಟಿ ಇದೆ. ನಿಂತಾಗ, ನಡೆದಾಗ ಪಾದದ ಕಮಾನನ್ನು ಹಿಡಿದಿಡೋದು ಅದೇ. ತಾಳಿಕೊಳ್ಳೋದಕ್ಕಿಂತ ಹೆಚ್ಚು ಭಾರ ದಿನಾ ಬಿದ್ದರೆ ಪಟ್ಟಿ ಹಿಮ್ಮಡಿಗೆ ಅಂಟಿಕೊಂಡಿರೋ ಜಾಗದಲ್ಲಿ ಸವೆಯುತ್ತೆ. ಬೆಳಿಗ್ಗೆ ಹಾಸಿಗೆಯಿಂದೆದ್ದು ಮೊದಲ ಹೆಜ್ಜೆ ಇಟ್ಟಾಗ ಮೊಳೆ ಚುಚ್ಚಿದ ಹಾಗೆ ಆಗೋದು ಇದರಿಂದಲೇ. ಇದೇ ಪ್ಲಾಂಟಾರ್ ಫೇಶಿಯೈಟಿಸ್. ಎಕ್ಸ್‌ರೇನಲ್ಲಿ ‘ಮೂಳೆ ಬೆಳೆದಿದೆ’ ಅಂದಾಕ್ಷಣ ಗಾಬರಿ ಬೇಡ. ಅಂಥ ಮೂಳೆ ನೋವೇ ಇಲ್ಲದ ಎಷ್ಟೋ ಜನರಿಗೂ ಇರುತ್ತೆ.

ಇದಕ್ಕೆ ಮಸಾಜ್ ಉಪಯೋಗವೇ ಇಲ್ಲವಾ? ಇದೆ. 2011ರಲ್ಲಿ ಬ್ರೆಜಿಲ್‌ನಲ್ಲಿ 60 ರೋಗಿಗಳ ಮೇಲೆ ಒಂದು ಅಧ್ಯಯನ ನಡೆಯಿತು. ಬರೀ ಸ್ಟ್ರೆಚಿಂಗ್ ಮಾಡಿದವರಿಗಿಂತ, ಅದರ ಜೊತೆ ಮೀನಖಂಡದ ಬಿಗಿ ಜಾಗಗಳನ್ನು ಒತ್ತಿಸಿಕೊಂಡವರಿಗೆ ಒಂದು ತಿಂಗಳಲ್ಲಿ ನೋವು ಹೆಚ್ಚು ಕಡಿಮೆಯಾಗಿತ್ತು. ಇಲ್ಲಿ ಎರಡು ವಿಷಯ ಗಮನಿಸಿ. ಒತ್ತಿದ್ದು ಮೀನಖಂಡವನ್ನು, ನೋಯೋ ಹಿಮ್ಮಡಿಯನ್ನೇ ಹಿಟ್ಟು ನಾದಿದ ಹಾಗೆ ನಾದಬೇಕಿಲ್ಲ. ಸ್ಟ್ರೆಚಿಂಗ್ ಅವರೂ ಬಿಟ್ಟಿರಲಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಮಸಾಜ್ ಒಂದು ಪ್ಯಾಚ್. ಸರ್ವರ್ ಮೇಲಿನ ಲೋಡ್ ಹಾಗೇ ಇದ್ದರೆ ನಾಳೆ ಮತ್ತೆ ಕ್ರ್ಯಾಶ್ :-)

ಆ ಪ್ಯಾಚ್ ಹಾಕೋಕೆ ಪ್ಯಾಕೇಜೂ ಬೇಕಿಲ್ಲ. ರಾತ್ರಿ ಒಂದು ಚಮಚ ಕೊಬ್ಬರಿ ಎಣ್ಣೆಯೋ ಎಳ್ಳೆಣ್ಣೆಯೋ ಹಚ್ಚಿ, ಮೀನಖಂಡ ಮತ್ತು ಅಂಗಾಲನ್ನು ಐದು ನಿಮಿಷ ನಿಮ್ಮ ಹೆಬ್ಬೆರಳಲ್ಲೇ ನೀವಿಕೊಳ್ಳಿ. ನಮ್ಮ ಅಜ್ಜಿಯರು ಇದಕ್ಕೆ ಯಾವ ಸರ್ಟಿಫಿಕೇಟೂ ತಗೊಂಡಿರಲಿಲ್ಲ. ಬೆಳಿಗ್ಗೆ ಕಾಲು ನೆಲಕ್ಕಿಡೋ ಮುಂಚೆ ಕಾಲ್ಬೆರಳುಗಳನ್ನು ಕೈಯಲ್ಲಿ ಹಿಡಿದು ಮೊಣಕಾಲಿನ ಕಡೆಗೆ ಎಳೆಯಿರಿ, ಹತ್ತು ಎಣಿಸಿ ಬಿಡಿ, ಹೀಗೆ ಹತ್ತು ಸಲ. ದಿನ ಬಿಟ್ಟು ದಿನ ಬೆರಳುಗಳ ಕೆಳಗೆ ಸುತ್ತಿದ ಟವೆಲ್ ಇಟ್ಟು, ಮೆಟ್ಟಿಲ ಅಂಚಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಎತ್ತಿ ಇಳಿಸಿ. ಡೆನ್ಮಾರ್ಕ್‌ನವರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರು ತಿಂಗಳ ಹೊತ್ತಿಗೆ ಈ ವ್ಯಾಯಾಮ ಬರೀ ಸ್ಟ್ರೆಚಿಂಗಿಗಿಂತ ಮುಂದಿತ್ತು. ಹೆಚ್ಚಿನವರಿಗೆ ಆರು ತಿಂಗಳಿಂದ ಒಂದು ವರ್ಷದೊಳಗೆ ಗುಣವಾಗುತ್ತೆ. ಆದರೆ ಕಾಲು ಜೋಮು ಹಿಡಿದರೆ, ಊದಿದರೆ, ಬಿದ್ದ ಮೇಲೆ ನೋವು ಶುರುವಾಗಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ ಮೊದಲು ಡಾಕ್ಟರ್. ಮಸಾಜ್ ಆಮೇಲೆ.

ಇಷ್ಟೆಲ್ಲ ಮಾಡೋಕೆ ನಮಗೇನೋ ಪುರುಸೊತ್ತಿದೆ. ನಮ್ಮ ಅಪಾರ್ಟ್‌ಮೆಂಟ್ ಗೇಟಿನಲ್ಲಿ ಹನ್ನೆರಡು ಗಂಟೆ ನಿಲ್ಲೋ ಅಣ್ಣನಿಗೆ? ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯಲ್ಲಿ ನಿಂತೇ ಸೀರೆ ಬಿಡಿಸಿ ತೋರಿಸೋ ಅಕ್ಕನಿಗೆ? ಹೊತ್ತುಗಟ್ಟಲೆ ಗಟ್ಟಿ ನೆಲದ ಮೇಲೆ ನಿಲ್ಲೋ ಕೆಲಸವೂ ಈ ನೋವಿಗೆ ದಾರಿ. ಅವರಿಗೆ ಬೇಕಿರೋದು ಲ್ಯಾವೆಂಡರ್ ಎಣ್ಣೆಯಲ್ಲ ಸ್ವಾಮಿ, ಒಂದು ಸ್ಟೂಲು. ಈ ಮಾತು ತೆಗೆದರೆ ನಮ್ಮ ಮೀಟಿಂಗಿನಲ್ಲಿ ಬಂದ ಉತ್ತರ: “ಕೂತರೆ ನಿದ್ದೆ ಮಾಡ್ತಾರೆ”. ಚಕ್ರದ ಕುರ್ಚಿಯಲ್ಲಿ ಹತ್ತು ಗಂಟೆ ಕೂತು ಸಂಬಳ ತಗೊಳ್ಳೋ ನಾವು ಹೇಳೋ ಮಾತಾ ಇದು?

ಇದೇನು ಹೊಸ ಬೇಡಿಕೆಯೂ ಅಲ್ಲ. ನಿಂತು ಕೆಲಸ ಮಾಡೋವರಿಗೆ ಕೂರೋಕೆ ವ್ಯವಸ್ಥೆ ಇರಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯ 44ನೇ ಕಲಮಿನಲ್ಲೇ ಬರೆದಿದ್ದರು. ಅದು ಕಾರ್ಖಾನೆಯ ಮಾತಾಯಿತು. ಅಂಗಡಿಗಳ ಮಾತಿಗೆ ಬಂದರೆ, ಕೇರಳದ ಬಟ್ಟೆ ಅಂಗಡಿಗಳ ಹೆಂಗಸರು ವರ್ಷಗಟ್ಟಲೆ ಹೋರಾಡಿ 2018ರಲ್ಲಿ ಕೂರುವ ಹಕ್ಕನ್ನು ಕಾನೂನಿಗೆ ಸೇರಿಸಿದರು. 2021ರಲ್ಲಿ ತಮಿಳುನಾಡೂ ಅದನ್ನೇ ಮಾಡಿತು. ನಮ್ಮ ಗೇಟಿಗೆ ಒಂದು ಸ್ಟೂಲ್ ಹಾಕೋಕೆ ಯಾವ ಸರ್ಕಾರಿ ಆದೇಶಕ್ಕೂ ಕಾಯಬೇಕಿಲ್ಲ.

ಬ್ಲಾಗು ಬರೆಯೋ ಗೆಳೆಯರೇ, ಮುಂದಿನ ಭಾನುವಾರದ ಅಸೋಸಿಯೇಶನ್ ಮೀಟಿಂಗಿನಲ್ಲಿ ಸ್ಟೂಲಿನ ಮಾತು ತೆಗೀರಿ. ಯಾರು ಏನಂದರು ಅಂತ ಕಾಮೆಂಟಿನಲ್ಲಿ ಬರೀರಿ. ಯಾರೂ ಒಪ್ಪದಿದ್ದರೆ ನಿಮ್ಮ ಮನೆಯದೇ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಗೇಟಿನ ಹತ್ತಿರ ಇಟ್ಟುಬಿಡಿ. ಎತ್ತಿಡೋಕೆ ಯಾರು ಬರ್ತಾರೆ ನೋಡೇ ಬಿಡೋಣ.