ಪೊರೆ ತೆಗೆದರೆ ಸಾಲದು, ಹಿಂದಿನ ಪರದೆಯನ್ನೂ ನೋಡಬೇಕು

ಚಿಕ್ಕಪ್ಪನಿಗೆ ಐವತ್ತು ದಾಟಿತ್ತು. ಒಂದು ಬೆಳಿಗ್ಗೆ ಕನ್ನಡಕ ಬದಿಗಿಟ್ಟು ಪತ್ರಿಕೆಯ ಸಣ್ಣಕ್ಷರವನ್ನೆಲ್ಲ ಸರಾಗವಾಗಿ ಓದಿದರು. ‘ನೋಡೇ, ಕನ್ನಡಕ ಬೇಡವಾಯ್ತು’ ಎಂದು ಚಿಕ್ಕಮ್ಮನನ್ನು ಕರೆದು ತೋರಿಸಿದರು. ಮನೆಮಂದಿಗೆಲ್ಲ ಖುಷಿ. ಅದೇ ತಿಂಗಳು ರಕ್ತ ಪರೀಕ್ಷೆ ಮಾಡಿಸಿದರೆ ಶುಗರ್ ಮುನ್ನೂರು ಮೀರಿತ್ತು. ಏರಿದ ಸಕ್ಕರೆಗೆ ಕಣ್ಣಿನ ಮಸೂರ ಊದಿಕೊಂಡು ಹತ್ತಿರದ್ದು ಸ್ಪಷ್ಟವಾಗಿ ಕಂಡಿತ್ತು. ಕೆಲವೇ ವರ್ಷಗಳಲ್ಲಿ ಎರಡೂ ಕಣ್ಣಿಗೆ ಪೊರೆ ಬಂತು.

ಪೊರೆ ಎಂಬ ಮಾತೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಹಾವಿನ ಪೊರೆಯ ಹಾಗೆ ಕಣ್ಣಿನ ಮೇಲೆ ಏನೋ ಬೆಳೆದಿದೆ, ಸುಲಿದು ತೆಗೆದರೆ ಮುಗಿಯಿತು ಎಂದುಕೊಳ್ಳುತ್ತೇವೆ. ನಿಜದಲ್ಲಿ ಮಬ್ಬಾಗುವುದು ಕಣ್ಣೊಳಗಿನ ಮಸೂರವೇ. ಅದಕ್ಕೆ ರಕ್ತನಾಳಗಳಿಲ್ಲ, ಸುತ್ತಲಿನ ದ್ರವವೇ ಅದರ ಆಹಾರ. ಆ ದ್ರವದಲ್ಲಿ ಸಕ್ಕರೆ ಹೆಚ್ಚಾದರೆ ಮಸೂರದೊಳಗೂ ಹೆಚ್ಚುತ್ತದೆ, ತಡೆಯಲು ಇನ್ಸುಲಿನ್ನಿನ ಕಾವಲಿಲ್ಲ. ಹೆಚ್ಚುವರಿ ಗ್ಲೂಕೋಸನ್ನು ಆಲ್ಡೋಸ್ ರಿಡಕ್ಟೇಸ್ ಎಂಬ ಕಿಣ್ವ ಸಾರ್ಬಿಟಾಲ್ ಆಗಿ ಮಾರ್ಪಡಿಸುತ್ತದೆ. ಈ ಸಾರ್ಬಿಟಾಲ್ ಜೀವಕೋಶದಿಂದ ಸುಲಭವಾಗಿ ಹೊರಬೀಳದೆ ಒಳಗೇ ಕೂತು ನೀರನ್ನು ಎಳೆದುಕೊಳ್ಳುತ್ತದೆ. ಮಸೂರದ ಎಳೆಗಳು ಊದಿ ಹಾಳಾಗುತ್ತವೆ. ಇನ್ನೊಂದೆಡೆ, ಮಸೂರವನ್ನು ತಿಳಿಯಾಗಿ ಇಟ್ಟಿರುವ ಕ್ರಿಸ್ಟಲಿನ್ ಪ್ರೋಟೀನುಗಳಿಗೂ ಸಕ್ಕರೆ ಅಂಟುತ್ತದೆ. ಹುಟ್ಟಿನಿಂದ ಕೊನೆಯವರೆಗೆ ಬಾಳಬೇಕಾದ, ಮತ್ತೆ ಹೊಸದಾಗಿ ತಯಾರಾಗದ ಪ್ರೋಟೀನುಗಳಿವು. ಅವು ಒಂದಕ್ಕೊಂದು ಹೆಣೆದುಕೊಂಡರೆ ಬೆಳಕು ನೇರ ದಾಟದೆ ಚದುರುತ್ತದೆ. ರಾತ್ರಿ ಎದುರು ಬರುವ ಲಾರಿಯ ದೀಪ ಕಣ್ಣಿಗೆ ಚುಚ್ಚಿದಂತಾಗುವುದು ಇದರಿಂದಲೇ.

ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ ಎಂದು 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಅಧ್ಯಯನ ಅಂದಾಜಿಸಿತು. ಐವತ್ತು ದಾಟಿದವರ ಅಂಧತ್ವಕ್ಕೆ ಶೇ 66.2ರಷ್ಟು ಕಾರಣ ಪೊರೆ ಎಂದು 2015–19ರ ರಾಷ್ಟ್ರೀಯ ಸಮೀಕ್ಷೆ ಹೇಳಿದೆ. ಈ ಎರಡು ಅಂಕಿಗಳನ್ನು ನಾವು ಒಟ್ಟಿಗೆ ಓದುತ್ತಲೇ ಇಲ್ಲ. ಸಕ್ಕರೆ ಒಬ್ಬ ವೈದ್ಯರ ಪಾಲು, ಕಣ್ಣು ಇನ್ನೊಬ್ಬರ ಪಾಲು.

ಡಾ. ಎಂ.ಸಿ. ಮೋದಿಯವರು ಊರೂರು ತಿರುಗಿ ಶಿಬಿರ ನಡೆಸಿ ಸಾವಿರಾರು ಬಡವರಿಗೆ ನೋಟ ಮರಳಿಸಿದ ನಾಡಿದು. ಆ ಪರಂಪರೆಯ ಬಗ್ಗೆ ನನಗೆ ಅಪಾರ ಗೌರವ. ಆದರೆ ಇಂದಿನ ರೋಗಿ ಬೇರೆ. ಅವನ ಪೊರೆಯ ಹಿಂದೆ, ಕಣ್ಣಿನ ಹಿಂದಿನ ಪರದೆಯಾದ ಅಕ್ಷಿಪಟಲದ ರಕ್ತನಾಳಗಳೂ ಸಕ್ಕರೆಯಿಂದ ಸೋರುತ್ತಿರಬಹುದು. ಮಬ್ಬಾದ ಮಸೂರ ಅದನ್ನು ವೈದ್ಯರ ಕಣ್ಣಿಗೂ ಮರೆಮಾಡುತ್ತದೆ. ‘ಇನ್ನೂ ಬಲಿತಿಲ್ಲ, ಬಲಿಯಲಿ ಬಿಡಿ’ ಎಂಬ ಹಳೆಯ ಸಲಹೆ ಮಧುಮೇಹಿಗೆ ಅಪಾಯಕಾರಿಯಾಗುವುದು ಇಲ್ಲಿಯೇ. ಶಸ್ತ್ರಚಿಕಿತ್ಸೆಯ ನಂತರ ಅಕ್ಷಿಪಟಲದ ನಡುಭಾಗ ಊದುವ ಸಾಧ್ಯತೆಯೂ ಇವರಿಗೆ ಹೆಚ್ಚು. ‘ಆಪರೇಷನ್ ಆದರೂ ಕಣ್ಣು ಕಾಣಲಿಲ್ಲ’ ಎಂಬ ದೂರಿನ ಮೂಲ ಎಷ್ಟೋ ಸಲ ಹಿಂದಿನ ಪರದೆಯಲ್ಲಿರುತ್ತದೆ, ಹಾಕಿದ ಲೆನ್ಸಿನಲ್ಲಲ್ಲ.

ಹಾಗಾಗಿ ಶಿಬಿರಗಳ ಯಶಸ್ಸನ್ನು ಶಸ್ತ್ರಚಿಕಿತ್ಸೆಗಳ ಸಂಖ್ಯೆಯಿಂದ ಅಳೆಯುವುದು ನಿಲ್ಲಬೇಕು. ಸಕ್ಕರೆ ಮಾತ್ರೆ ಕೊಡುವ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಅಕ್ಷಿಪಟಲದ ಚಿತ್ರ ತೆಗೆಯುವ ವ್ಯವಸ್ಥೆ ಬರಬೇಕು. ನಿಮ್ಮ ಮನೆಯಲ್ಲಿ ಮಧುಮೇಹಿಗಳಿದ್ದರೆ, ಕಣ್ಣು ಚೆನ್ನಾಗಿ ಕಾಣುತ್ತಿದ್ದರೂ ಸರಿ, ವರ್ಷಕ್ಕೊಮ್ಮೆ ಹನಿ ಹಾಕಿಸಿ ಕಣ್ಣಿನ ಹಿಂಭಾಗ ಪರೀಕ್ಷೆ ಮಾಡಿಸಿ. ಕನ್ನಡಕ ಇದ್ದಕ್ಕಿದ್ದಂತೆ ಬೇಡವಾಯಿತೆಂದು ಅವರು ಹೇಳಿದ ದಿನವೇ ಶುಗರ್ ನೋಡಿಸಿ.